ಎಕ್ಸ್‌ಪ್ಯಾಟ್ ಪಾರ್ಸರನ್ನು ಲುವಾಗೆ ಜೋಡಿಸಿದ ಕೆಲಸದ ದಾಖಲೆ

ಡೊಂಬಿವಲಿಯ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗಳನ್ನು ಹುಡುಕಿ ಓದುವಂತೆ ಅಂತರಜಾಲಕ್ಕೆ ಏರಿಸುವ ಕೆಲಸವನ್ನು ಸಂಘದವರು ನನಗೆ ಒಪ್ಪಿಸಿದ್ದಾರೆ. ಮುದ್ರಣಾಲಯದವರು ಆಯಾ ವರ್ಷ ಕೊಟ್ಟಿದ್ದ ಸಿಡಿಗಳಲ್ಲಿ ಪುಟವಿನ್ಯಾಸದ ತಂತ್ರಾಂಶದಿಂದ ಹೊರತೆಗೆದ ಎಕ್ಸ್‌ಎಂಎಲ್ (ಪಠ್ಯದ ಭಾಗಗಳನ್ನು ಟ್ಯಾಗುಗಳಿಂದ ಗುರುತಿಸುವ ರೂಪ) ಕಡತಗಳಿವೆ. ಅವುಗಳಲ್ಲಿ ಹಳೆಯವು ನುಡಿ ಫಾಂಟಿನ ಸಂಕೇತಗಳಲ್ಲಿ ಬೆರಳಚ್ಚಾದವು, ಈಚಿನವು ಯೂನಿಕೋಡ್‌ನಲ್ಲಿರುವಂಥವು. ನುಡಿಯನ್ನು ಯೂನಿಕೋಡ್‌ಗೆ ತಿರುಗಿಸುವ ಪಟ್ಟಿ, ಲೇಖನ ಮತ್ತು ಲೇಖಕರ ಅಕಾರಾದಿ ಸೂಚಿ ಕಟ್ಟುವ ಸ್ಕ್ರಿಪ್ಟು, ಪುಟಗಳ ಅಚ್ಚು ಇವೆಲ್ಲ ಲುವಾ ಭಾಷೆಯಲ್ಲಿ ಮೊದಲೇ ಸಿದ್ಧವಾಗಿದ್ದವು. ಇಲ್ಲದೆ ಇದ್ದದ್ದು ಎಕ್ಸ್‌ಎಂಎಲ್ಲನ್ನು ನಿಯಮಬದ್ಧವಾಗಿ ಓದುವ ಭಾಗ, ಅಂದರೆ ಪಾರ್ಸರ್, ಮಾತ್ರ. ಅದಕ್ಕಾಗಿ ಸಿ ಭಾಷೆಯ ಎಕ್ಸ್‌ಪ್ಯಾಟ್ ಲೈಬ್ರರಿಯನ್ನು ಲುವಾಗೆ ಜೋಡಿಸಿದೆ. ಜೋಡಣೆ ಈಗ ಕೆಲಸ ಮಾಡುತ್ತಿದೆ. ಯಾವುದನ್ನು ಯಾವ ಕ್ರಮದಲ್ಲಿ ಮಾಡಿದೆ, ಎಲ್ಲೆಲ್ಲಿ ಮುರಿಯಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಪಾರ್ಸರನ್ನು ಕರೆಯುವುದು ಇದರಲ್ಲಿ ಸುಲಭದ ಭಾಗ. ಸಿ ಮತ್ತು ಲುವಾ ನಡುವಿನ ಗಡಿಯಲ್ಲಿ ದೋಷವನ್ನು ಯಾರು ಎಸೆಯಬಹುದು, ಮೆಮೊರಿ ಯಾರ ಒಡೆತನದ್ದು, ಒಂದು ಪಠ್ಯ ಪೂರ್ತಿಯಾಯಿತೆಂದು ಯಾವಾಗ ಹೇಳಬಹುದು ಎಂಬ ಮೂರು ವಿಷಯಗಳು ಹೆಚ್ಚಿನ ಸಮಯವನ್ನು ತಿಂದವು.

ಹಂತ 1: ಸಾಮಗ್ರಿ ಮತ್ತು ಖರ್ಚು

ಯಂತ್ರ ಮನೆಯ ಹಳೆಯ ಡೆಸ್ಕ್‌ಟಾಪ್. ಅದರಲ್ಲಿ ಲಿನಕ್ಸ್‌ನ ಒಂದು ವಿತರಣೆಯಾದ ಡೆಬಿಯನ್ 12 ಇದೆ, ಅದರ ಭಂಡಾರದಿಂದ ಲುವಾ 5.4 ಮತ್ತು ಎಕ್ಸ್‌ಪ್ಯಾಟ್ 2.5.0 ಇವುಗಳ ಡೆವಲಪ್‌ಮೆಂಟ್ ಪ್ಯಾಕೇಜುಗಳನ್ನು ಹಾಕಿಕೊಂಡೆ. ಕಂಪೈಲರ್ ಜಿಸಿಸಿ, ಪರೀಕ್ಷೆಗೆ ಮೆಮೊರಿಯ ತಪ್ಪುಗಳನ್ನು ಹಿಡಿಯುವ ವ್ಯಾಲ್‌ಗ್ರೈಂಡ್. ಎಲ್ಲವೂ ಉಚಿತ. ಹಣ ಕೊಟ್ಟು ಕೊಂಡದ್ದು ಸಿಡಿ ಓದಲು ಬೇಕಾದ ಯುಎಸ್‌ಬಿ ಡ್ರೈವ್ ಒಂದನ್ನೇ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಾವಿರ ರೂಪಾಯಿಯೊಳಗೆ ಸಿಕ್ಕಿತು. ಕೆಲವು ಸಿಡಿಗಳ ಅಂಚು ಕೆಟ್ಟಿದ್ದರಿಂದ ಒಂದಷ್ಟು ಕಡತಗಳು ಅರ್ಧಕ್ಕೇ ತುಂಡಾಗಿ ಕೈಗೆ ಬಂದವು. ಆ ತುಂಡು ಕಡತಗಳ ಸಂಗತಿ ಮುಂದೆ ಬರುತ್ತದೆ.

ಎಕ್ಸ್‌ಪ್ಯಾಟನ್ನು ಮೊದಲು ಬರೆದವರು ಜೇಮ್ಸ್ ಕ್ಲಾರ್ಕ್. ಅದು ಇಡೀ ಕಡತವನ್ನು ಮರವಾಗಿ ಕಟ್ಟಿ ಕೊಡುವುದಿಲ್ಲ. ತುಣುಕು ತುಣುಕಾಗಿ ಓದುತ್ತಾ, ಟ್ಯಾಗ್ ತೆರೆದಾಗ ಒಂದು ಕರೆ, ಪಠ್ಯ ಬಂದಾಗ ಒಂದು ಕರೆ, ಟ್ಯಾಗ್ ಮುಚ್ಚಿದಾಗ ಇನ್ನೊಂದು ಕರೆ ಹೀಗೆ ನಾವು ಕೊಟ್ಟ ಸಿ ಫಂಕ್ಷನ್‌ಗಳನ್ನು ಕರೆಯುತ್ತಾ ಹೋಗುತ್ತದೆ. ಲುವಾ 1993ರಲ್ಲಿ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಭಾಷೆ. ಸಿ ಕಾರ್ಯಕ್ರಮದೊಳಗೆ ಕೂರಿಸಲೆಂದೇ ರೂಪುಗೊಂಡದ್ದು. ಇವೆರಡನ್ನು ಬೆಸೆಯುವ ಲುವಾಎಕ್ಸ್‌ಪ್ಯಾಟ್ ಎಂಬ ಸಿದ್ಧ ಜೋಡಣೆ ಈಗಾಗಲೇ ಇದೆ, ಹೆಚ್ಚಿನವರಿಗೆ ಅದೇ ಸಾಕು. ಪೈಥಾನ್ ಬಳಸುವವರಿಗಂತೂ ಎಕ್ಸ್‌ಪ್ಯಾಟ್ ಭಾಷೆಯ ಜೊತೆಗೇ ಬರುತ್ತದೆ. ನಾನು ಸ್ವಂತದ್ದನ್ನು ಬರೆಯಲು ಎರಡು ಕಾರಣಗಳಿದ್ದವು: ಅಕ್ಷರ ಸಂಕೇತದ ಪಟ್ಟಿ ನನ್ನ ಕೈಯಲ್ಲಿರಬೇಕಿತ್ತು, ಮತ್ತು ಪಠ್ಯವನ್ನು ಕೂಡಿಸಿಕೊಳ್ಳುವ ಕೆಲಸ ಸಿ ಬದಿಯಲ್ಲೇ ನನಗೆ ಬೇಕಾದ ರೀತಿಯಲ್ಲಿ ಮುಗಿಯಬೇಕಿತ್ತು.

ಇದಕ್ಕೂ ಮೊದಲು ಲುವಾದ ಪ್ಯಾಟರ್ನ್‌ಗಳಿಂದಲೇ ಟ್ಯಾಗುಗಳನ್ನು ಹುಡುಕುವ ಸ್ಕ್ರಿಪ್ಟು ಇತ್ತು. ಟ್ಯಾಗಿನ ಗುಣಲಕ್ಷಣದ (ಆಟ್ರಿಬ್ಯೂಟ್) ಮೌಲ್ಯದೊಳಗೆ ‘ದೊಡ್ಡದು’ ಚಿಹ್ನೆ (>) ಬರಬಹುದು, ಎಕ್ಸ್‌ಎಂಎಲ್‌ನಲ್ಲಿ ಅದು ತಪ್ಪಲ್ಲ. ಜಾಹೀರಾತಿನ ಪುಟವೊಂದರಲ್ಲಿ ಅಂಥದ್ದು ಬಂದೊಡನೆ ಆ ಸ್ಕ್ರಿಪ್ಟು ಪುಟದ ಉಳಿದರ್ಧವನ್ನು ಟ್ಯಾಗಿನ ಹೆಸರೆಂದು ನುಂಗಿತು. ಅದನ್ನು ಅಲ್ಲಿಗೇ ಬಿಟ್ಟೆ.

ಹಂತ 2: ಅಸ್ಥಿಪಂಜರ

ಲುವಾ ಹುಡುಕುವುದು ‘ಲುವಾಓಪನ್’ ಎಂಬ ಮುಂಪದಕ್ಕೆ ಮಾಡ್ಯೂಲಿನ ಹೆಸರು ಸೇರಿದ ಒಂದೇ ಫಂಕ್ಷನ್ನನ್ನು. ಕಡತದ ಹೆಸರು ಬದಲಿಸಿ ಇದನ್ನು ಬದಲಿಸದಿದ್ದರೆ ಮಾಡ್ಯೂಲ್ ತೆರೆಯುವುದಿಲ್ಲ. ಹಂಚಿಕೆಯ ಲೈಬ್ರರಿಯಾಗಿ ಕಂಪೈಲ್ ಮಾಡುವಾಗ ಎಕ್ಸ್‌ಪ್ಯಾಟನ್ನು ಲಿಂಕ್ ಮಾಡಬೇಕು, ಲುವಾವನ್ನು ಮಾಡಬಾರದು. ಲಿನಕ್ಸ್‌ನಲ್ಲಿ ಲುವಾದ ಫಂಕ್ಷನ್‌ಗಳನ್ನು ಓಡುತ್ತಿರುವ ಇಂಟರ್‌ಪ್ರಿಟರೇ ಒದಗಿಸುತ್ತದೆ. ವಿಂಡೋಸ್‌ನಲ್ಲಿ ಇದು ತಿರುವುಮುರುವು, ಅಲ್ಲಿ ಲುವಾದ ಡಿಎಲ್‌ಎಲ್‌ಗೂ ಲಿಂಕ್ ಬೇಕೇ ಬೇಕು.

ಪ್ರತಿ ಪಾರ್ಸರಿಗೆ ಲುವಾ ಬದಿಯಲ್ಲಿ ಒಂದು ಯೂಸರ್‌ಡೇಟಾ (ಸಿ ಬದಿಯ ಮಾಹಿತಿಯನ್ನು ಹೊತ್ತ ಲುವಾ ವಸ್ತು). ಅದರೊಳಗೆ ಎಕ್ಸ್‌ಪ್ಯಾಟ್ ಪಾರ್ಸರಿನ ಪಾಯಿಂಟರ್ (ಮೆಮೊರಿ ವಿಳಾಸ), ಸದ್ಯದ ಲುವಾ ಸ್ಥಿತಿಯ ಪಾಯಿಂಟರ್, ಪಠ್ಯದ ಬಫರ್ (ತಾತ್ಕಾಲಿಕ ಸಂಗ್ರಹ), ‘ಈಗ ಓದುತ್ತಿದೆ’ ಎಂಬ ಒಂದು ಗುರುತು, ‘ದೋಷ ಬಂದಿದೆ’ ಎಂಬ ಇನ್ನೊಂದು ಗುರುತು. ಇವನ್ನು ಸೃಷ್ಟಿಸುವ ಅನುಕ್ರಮ ಮುಖ್ಯ. ಎಕ್ಸ್‌ಪ್ಯಾಟ್ ಪಾರ್ಸರನ್ನು ಮೊದಲು ಸೃಷ್ಟಿಸಿ ಆಮೇಲೆ ಯೂಸರ್‌ಡೇಟಾ ಕೇಳಿದರೆ, ಆ ಕ್ಷಣ ಮೆಮೊರಿ ಸಾಲದೆ ಲುವಾ ದೋಷ ಎಸೆದಾಗ ಪಾರ್ಸರ್ ಯಾರ ಕೈಗೂ ಸಿಗದೆ ಅನಾಥವಾಗುತ್ತದೆ. ಆದ್ದರಿಂದ ಮೊದಲು ಯೂಸರ್‌ಡೇಟಾ, ಅದರೊಳಗಿನ ಪಾಯಿಂಟರಿಗೆ ಶೂನ್ಯ, ಆಮೇಲೆ ಮೆಟಾಟೇಬಲ್ (ಆ ವಸ್ತುವಿನ ನಡವಳಿಕೆಯನ್ನು ಹೇಳುವ ಟೇಬಲ್), ಕೊನೆಗೆ ಪಾರ್ಸರ್. ಈ ಕ್ರಮದಲ್ಲಿ ಯಾವ ಹೆಜ್ಜೆಯಲ್ಲಿ ನಿಂತರೂ ಗಾರ್ಬೇಜ್ ಕಲೆಕ್ಟರ್ (ಬಳಕೆಯಲ್ಲಿಲ್ಲದ ಮೆಮೊರಿಯನ್ನು ಬಿಡಿಸುವ ಲುವಾದ ಭಾಗ) ಬಂದು ಇರುವುದನ್ನಷ್ಟೇ ಬಿಡುಗಡೆ ಮಾಡುತ್ತದೆ.

ಎಕ್ಸ್‌ಪ್ಯಾಟಿನ ಕರೆಗಳಿಗೆ ಉತ್ತರಿಸುವ ಬಳಕೆದಾರರ ಹ್ಯಾಂಡ್ಲರ್ ಫಂಕ್ಷನ್‌ಗಳಿರುವ ಟೇಬಲನ್ನು ಮೊದಲು ಲುವಾದ ರಿಜಿಸ್ಟ್ರಿಯಲ್ಲಿಟ್ಟೆ (ಸಿ ಬದಿಯ ಮೌಲ್ಯಗಳನ್ನಿಡುವ ಸಾರ್ವತ್ರಿಕ ಟೇಬಲ್). ಹಳೆಯ ಉದಾಹರಣೆಗಳೆಲ್ಲ ಹಾಗೆಯೇ ಇವೆ. ಆದರೆ ಹ್ಯಾಂಡ್ಲರ್‌ಗಳು ಸಾಮಾನ್ಯವಾಗಿ ತಮ್ಮ ಪಾರ್ಸರನ್ನೇ ಹಿಡಿದುಕೊಂಡಿರುತ್ತವೆ. ರಿಜಿಸ್ಟ್ರಿ ಹ್ಯಾಂಡ್ಲರನ್ನು, ಹ್ಯಾಂಡ್ಲರ್ ಪಾರ್ಸರನ್ನು ಹಿಡಿದುಕೊಂಡರೆ ಯಾವುದೂ ಬಿಡುಗಡೆಯಾಗುವುದಿಲ್ಲ. ಸಂಚಿಕೆಗಳನ್ನು ಒಂದರ ಹಿಂದೊಂದು ಓದಿಸಿದಾಗ ಮೆಮೊರಿ ಏರುತ್ತಲೇ ಹೋಯಿತು, ಇಳಿಯಲೇ ಇಲ್ಲ. ಲುವಾ 5.4ರಲ್ಲಿ ಯೂಸರ್‌ಡೇಟಾಕ್ಕೇ ಅಂಟಿಸಬಹುದಾದ ‘ಯೂಸರ್ ವ್ಯಾಲ್ಯೂ’ಗಳಿವೆ. ಟೇಬಲನ್ನು ಅಲ್ಲಿಗೆ ಸರಿಸಿದ ಮೇಲೆ ಇಡೀ ಸುತ್ತು ಕಲೆಕ್ಟರಿನ ಕಣ್ಣಿಗೆ ಬಿತ್ತು, ಏರಿಕೆ ನಿಂತಿತು.

ಹಂತ 3: ಟ್ಯಾಗುಗಳು ಮತ್ತು ಗುಣಲಕ್ಷಣಗಳು

ಟ್ಯಾಗ್ ತೆರೆದಾಗ ಎಕ್ಸ್‌ಪ್ಯಾಟ್ ಗುಣಲಕ್ಷಣಗಳನ್ನು ಹೆಸರು, ಮೌಲ್ಯ, ಹೆಸರು, ಮೌಲ್ಯ ಎಂಬ ಒಂದೇ ಸಾಲಿನಲ್ಲಿ ಕೊಟ್ಟು ಕೊನೆಗೆ ಶೂನ್ಯ ಪಾಯಿಂಟರ್ ಇಡುತ್ತದೆ. ಎರಡೆರಡಾಗಿ ಮುಂದೆ ಹೋಗುತ್ತಾ ಲುವಾ ಟೇಬಲಿಗೆ ತುಂಬಿಸಿದರೆ ಆಯಿತು. ಲುವಾ ಟೇಬಲಿನಲ್ಲಿ ಬಂದ ಕ್ರಮ ಉಳಿಯುವುದಿಲ್ಲವಾದ್ದರಿಂದ ಹೆಸರುಗಳನ್ನು 1, 2, 3 ಎಂಬ ಅಂಕಿಗಳಡಿಯೂ ಇಟ್ಟೆ. ಇದರಲ್ಲಿ ತೊಡಕೇನೂ ಬರಲಿಲ್ಲ.

ಹಂತ 4: ಹ್ಯಾಂಡ್ಲರಿನೊಳಗೆ ದೋಷ ಬಂದರೆ

ಲುವಾದ ದೋಷ ವ್ಯವಸ್ಥೆ ಸಿ ಭಾಷೆಯ ‘ಲಾಂಗ್‌ಜಂಪ್’ ಮೇಲೆ ನಿಂತಿದೆ. ನನ್ನ ಲುವಾ ಸ್ಕ್ರಿಪ್ಟು ಎಕ್ಸ್‌ಪ್ಯಾಟನ್ನು ಕರೆಯುತ್ತದೆ, ಎಕ್ಸ್‌ಪ್ಯಾಟ್ ನನ್ನ ಸಿ ಫಂಕ್ಷನ್ನನ್ನು ಕರೆಯುತ್ತದೆ, ಅದು ಲುವಾ ಹ್ಯಾಂಡ್ಲರನ್ನು ಕರೆಯುತ್ತದೆ. ಹ್ಯಾಂಡ್ಲರಿನಲ್ಲಿ ಶೂನ್ಯ ಮೌಲ್ಯವನ್ನು ಟೇಬಲೆಂದು ಬಳಸಿದಂಥ ಸಣ್ಣ ದೋಷ ಬಂದರೂ ನಿಯಂತ್ರಣ ಮಧ್ಯದ ಎಕ್ಸ್‌ಪ್ಯಾಟನ್ನು ಹಾರಿಕೊಂಡು ಮೇಲಿನ ಲುವಾಗೆ ನೆಗೆಯುತ್ತದೆ. ಎಕ್ಸ್‌ಪ್ಯಾಟಿಗೆ ಇದು ಗೊತ್ತೇ ಆಗುವುದಿಲ್ಲ. ತಾನಿನ್ನೂ ಕರೆಯ ನಡುವೆಯೇ ಇದ್ದೇನೆಂಬ ಸ್ಥಿತಿಯಲ್ಲಿ ಅದು ಉಳಿದುಬಿಡುತ್ತದೆ. ಮೊದಲ ಆವೃತ್ತಿಯಲ್ಲಿ ರಕ್ಷಣೆಯಿಲ್ಲದ ನೇರ ಕರೆಯಿತ್ತು. ದೋಷ ಬಂದ ಮೇಲೆ ಅದೇ ಪಾರ್ಸರಿಗೆ ಮುಂದಿನ ತುಣುಕು ಕೊಟ್ಟರೆ ಸಾಲುಸಂಖ್ಯೆಗಳು ಅರ್ಥವಿಲ್ಲದವಾಗಿ ಬರುತ್ತಿದ್ದವು.

ಹ್ಯಾಂಡ್ಲರ್ ಕರೆಯನ್ನು ಲುವಾದ ರಕ್ಷಿತ ಕರೆಯೊಳಗೆ (ದೋಷ ಹೊರಗೆ ಹಾರದಂತೆ ತಡೆಯುವ ಕರೆ) ಹಾಕುವುದು ಎಲ್ಲರಿಗೂ ತೋಚುವ ಪರಿಹಾರ. ಅದು ಅರ್ಧ ಪರಿಹಾರ ಮಾತ್ರ. ಹ್ಯಾಂಡ್ಲರನ್ನು ಕರೆಯುವ ಮೊದಲೇ ನಾವು ಗುಣಲಕ್ಷಣಗಳ ಟೇಬಲ್ ಕಟ್ಟುತ್ತೇವೆ, ಸ್ಟ್ರಿಂಗುಗಳನ್ನು ಸ್ಟ್ಯಾಕಿಗೆ (ಸಿ ಮತ್ತು ಲುವಾ ಮೌಲ್ಯಗಳನ್ನು ಕೊಟ್ಟು ತೆಗೆದುಕೊಳ್ಳುವ ಜಾಗ) ತಳ್ಳುತ್ತೇವೆ. ಇವು ಪ್ರತಿಯೊಂದೂ ಮೆಮೊರಿ ಕೇಳುವ ಕೆಲಸ, ಆದ್ದರಿಂದ ಪ್ರತಿಯೊಂದೂ ದೋಷ ಎಸೆಯಬಲ್ಲದು. ಹಾಗಾಗಿ ಎಕ್ಸ್‌ಪ್ಯಾಟಿನಿಂದ ಕರೆ ಬಂದೊಡನೆ ಮೆಮೊರಿ ಕೇಳದ ಕೆಲಸಗಳನ್ನಷ್ಟೇ ಹೊರಗೆ ಮಾಡಬೇಕು. ಬರಿಯ ಸಿ ಫಂಕ್ಷನ್ ಒಂದನ್ನು, ಹ್ಯಾಂಡ್ಲರ್ ಟೇಬಲಿನ ಪ್ರತಿಯನ್ನು, ಒಂದು ಹಗುರ ಪಾಯಿಂಟರನ್ನು ಸ್ಟ್ಯಾಕಿಗೆ ತಳ್ಳಿ ರಕ್ಷಿತ ಕರೆ ಮಾಡುತ್ತೇನೆ. ಟೇಬಲ್ ಕಟ್ಟುವುದು, ಹ್ಯಾಂಡ್ಲರ್ ಹುಡುಕುವುದು, ಕರೆಯುವುದು ಎಲ್ಲವೂ ಆ ಒಳಗಿನ ಫಂಕ್ಷನ್ನಿನಲ್ಲಿ ನಡೆಯುತ್ತದೆ. ಒಳಗಿನ ಫಂಕ್ಷನ್ನಿಗೆ ಹೊರಗಿನ ಸ್ಟ್ಯಾಕ್ ಸ್ಥಾನಗಳು ಕಾಣುವುದಿಲ್ಲ, ಟೇಬಲನ್ನು ಕೈಯಾರೆ ದಾಟಿಸಬೇಕು ಎಂಬುದು ಗಮನಿಸಬೇಕಾದ ಅಂಶ.

ರಕ್ಷಿತ ಕರೆ ಸೋತರೆ ದೋಷದ ಮಾತನ್ನು ಹೊರಗಿನ ಸ್ಟ್ಯಾಕಿನ ಗೊತ್ತಾದ ಸ್ಥಾನದಲ್ಲಿ ಇಟ್ಟು, ಗುರುತನ್ನು ಏರಿಸಿ, ಎಕ್ಸ್‌ಪ್ಯಾಟಿನ ‘ಸ್ಟಾಪ್ ಪಾರ್ಸರ್’ ಫಂಕ್ಷನ್ನಿಗೆ ‘ಮತ್ತೆ ಮುಂದುವರಿಸುವುದಿಲ್ಲ’ ಎಂದು ಹೇಳಬೇಕು. ಆಗ ಎಕ್ಸ್‌ಪ್ಯಾಟ್ ತನ್ನ ದಾರಿಯಲ್ಲೇ ಹಿಂದಿರುಗಿ ‘ಪಾರ್ಸಿಂಗ್ ನಿಲ್ಲಿಸಲಾಯಿತು’ ಎಂಬ ದೋಷ ಕೊಡುತ್ತದೆ. ನಿಯಂತ್ರಣ ನನ್ನ ಕೈಗೆ ಬಂದ ಮೇಲೆ, ಎತ್ತಿಟ್ಟ ಲುವಾ ದೋಷವನ್ನು ಮತ್ತೆ ಎಸೆಯುತ್ತೇನೆ. ಇಷ್ಟಾದರೂ ಒಂದು ಕೀಟಲೆ ಉಳಿದಿತ್ತು. ‘ಸ್ಟಾಪ್’ ಎಂದ ಮೇಲೂ ಎಕ್ಸ್‌ಪ್ಯಾಟ್ ಕೆಲವು ಕರೆಗಳನ್ನು ಮಾಡಬಹುದು. ಒಳಗೇನೂ ಇಲ್ಲದ, ತೆರೆದಲ್ಲೇ ಮುಚ್ಚುವ ಟ್ಯಾಗಿನ ಆರಂಭದ ಹ್ಯಾಂಡ್ಲರಿನಲ್ಲಿ ನಿಲ್ಲಿಸಿದರೆ ಅದರ ಮುಕ್ತಾಯದ ಕರೆ ಬಂದೇ ಬರುತ್ತದೆ. ಆ ಎರಡನೆಯ ಕರೆಯಲ್ಲೂ ದೋಷ ಬಂದು ಮೊದಲ ದೋಷದ ಮಾತನ್ನು ಅಳಿಸುತ್ತಿತ್ತು, ಹೀಗಾಗಿ ಪರದೆಯ ಮೇಲೆ ಕಾಣುತ್ತಿದ್ದುದು ನಿಜವಾದ ಕಾರಣವಲ್ಲ. ಪ್ರತಿ ಕರೆಯ ಮೊದಲ ಸಾಲಿನಲ್ಲೇ ‘ದೋಷದ ಗುರುತು ಇದ್ದರೆ ಹಿಂದಿರುಗು’ ಎಂದು ಬರೆದ ಮೇಲೆ ಸರಿಹೋಯಿತು.

ಲುವಾ ಸ್ಥಿತಿಯ ಪಾಯಿಂಟರನ್ನು ಪಾರ್ಸರ್ ಸೃಷ್ಟಿಸುವಾಗ ಒಮ್ಮೆ ಇಟ್ಟುಕೊಂಡರೆ ಸಾಲದು. ಪಾರ್ಸರನ್ನು ಮುಖ್ಯ ಸ್ಕ್ರಿಪ್ಟಿನಲ್ಲಿ ಸೃಷ್ಟಿಸಿ ಕೊರೂಟೀನಿನೊಳಗೆ (ನಡುವೆ ನಿಲ್ಲಿಸಿ ಮುಂದುವರಿಸಬಹುದಾದ ಲುವಾ ಓಟ) ಓಡಿಸಿದರೆ ಎರಡೂ ಬೇರೆ ಬೇರೆ ಸ್ಟ್ಯಾಕ್‌ಗಳು. ಓದುವ ಪ್ರತಿ ಕರೆಯಲ್ಲೂ ಆ ಪಾಯಿಂಟರನ್ನು ಹೊಸದಾಗಿ ಬರೆಯಬೇಕು.

ಹಂತ 5: ಪಠ್ಯ ತುಂಡಾಗುವುದು

ಕನ್ನಡದ ಕೆಲಸ ಮಾಡುವವರು ಈ ಹಂತವನ್ನು ಓದಿದರೆ ಸಾಕು ಎಂದು ನನ್ನ ಅನಿಸಿಕೆ.

ಎರಡು ಟ್ಯಾಗುಗಳ ನಡುವಿನ ಪಠ್ಯವನ್ನು ಎಕ್ಸ್‌ಪ್ಯಾಟ್ ಒಂದೇ ಕರೆಯಲ್ಲಿ ಕೊಡುತ್ತೇನೆಂದು ಎಲ್ಲಿಯೂ ಮಾತು ಕೊಟ್ಟಿಲ್ಲ. ಹೊಸ ಸಾಲು ಬಂದರೆ ಅದಕ್ಕೇ ಬೇರೆ ಕರೆ. ಹೋಟೆಲಿನ ಜಾಹೀರಾತಿನಲ್ಲಿ ‘ಶೆಟ್ಟಿ’ ಮತ್ತು ‘ಸನ್ಸ್’ ನಡುವೆ ಆಂಪರ್‌ಸಂಡ್ (&) ಎಂಟಿಟಿ, ಅಂದರೆ ಚಿಹ್ನೆಯ ಬದಲು ಬರೆಯುವ ಹೆಸರು, ಇದ್ದರೆ ಮೂರು ಕರೆ. ಇವು ಬೇಗ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದ್ದು ಓದುವ ತುಣುಕಿನ ಅಂಚು. ನಾನು ಕಡತವನ್ನು 65,536 ಬೈಟುಗಳ ತುಣುಕುಗಳಲ್ಲಿ ಓದಿಸುತ್ತಿದ್ದೆ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ 3 ಬೈಟು. 65,536 ಮೂರರಿಂದ ಭಾಗವಾಗುವ ಸಂಖ್ಯೆಯಲ್ಲ, ಅದೂ ಅಲ್ಲದೆ ನಡುವೆ ಒಂದೊಂದೇ ಬೈಟಿನ ಅಕ್ಷರಗಳ ಟ್ಯಾಗು, ಖಾಲಿ ಜಾಗಗಳಿರುತ್ತವೆ. ಆದ್ದರಿಂದ ಅಂಚು ಒಂದು ಸಂಕೇತದ ನಡುವೆಯೇ ಬೀಳಬಹುದು. ಎಕ್ಸ್‌ಪ್ಯಾಟ್ ಆ ಅರ್ಧ ಸಂಕೇತವನ್ನು ತಡೆಹಿಡಿದು ಮುಂದಿನ ತುಣುಕಿನೊಂದಿಗೆ ಸೇರಿಸಿ ಕೊಡುತ್ತದೆ. ಸಂಕೇತ ಎಂದೂ ಮುರಿಯುವುದಿಲ್ಲ, ಆದರೆ ಅಕ್ಷರ ಮುರಿಯುತ್ತದೆ. ‘ಕ್ಷ’ ಎಂಬುದು ಓದುಗರಿಗೆ ಒಂದು ಅಕ್ಷರ. ಕಡತದಲ್ಲಿ ಅದು 224, 178, 149 ಎಂಬ ಕಕಾರ, 224, 179, 141 ಎಂಬ ಹಲಂತದ ಗುರುತು, 224, 178, 183 ಎಂಬ ಷಕಾರ, ಒಟ್ಟು 9 ಬೈಟು. ಹಲಂತ ಒಂದು ಕರೆಯ ಕೊನೆಯಲ್ಲೂ ಷಕಾರ ಮುಂದಿನ ಕರೆಯ ಮೊದಲಲ್ಲೂ ಬರಲು ಎಕ್ಸ್‌ಪ್ಯಾಟಿನ ಅಡ್ಡಿಯೇನೂ ಇಲ್ಲ.

ಇದು ಸಿಕ್ಕಿಬಿದ್ದದ್ದು ಅಕಾರಾದಿ ಸೂಚಿಯಲ್ಲಿ. ಷಕಾರದ ಕೆಳಗೆ ‘ಷಗಾನ’ ಎಂದು ಶುರುವಾಗುವ ಒಂದು ಶೀರ್ಷಿಕೆ ಕುಳಿತಿತ್ತು. ಯಕ್ಷಗಾನದ ಕುರಿತ ಲೇಖನವದು. 21 ಬೈಟಿನ ಆ ಪದ ತುಣುಕಿನ ಅಂಚಿಗೆ ಸಿಕ್ಕಿ ‘ಯಕ್’ ಎಂಬ 9 ಬೈಟು ಒಂದು ಕರೆಯಲ್ಲಿ, ‘ಷಗಾನ’ ಎಂಬ 12 ಬೈಟು ಮುಂದಿನ ಕರೆಯಲ್ಲಿ ಬಂದಿದ್ದವು. ಸೂಚಿಯ ಸ್ಕ್ರಿಪ್ಟು ಎರಡನೆಯದರಿಂದ ಮೊದಲನೆಯದನ್ನು ಅಳಿಸಿತ್ತು. ದೊಡ್ಡ ತುಣುಕುಗಳಲ್ಲಿ ಓದಿಸುವಾಗ ಇಂಥದ್ದು ಅಪರೂಪಕ್ಕೆ ಮಾತ್ರ ಆಗುತ್ತದೆ, ಆದ್ದರಿಂದಲೇ ಇದನ್ನು ಹಿಡಿಯುವುದು ಕಷ್ಟ.

ಪಠ್ಯ ಕೂಡಿಸಲು ಮೊದಲು ಲುವಾದ ಸಹಾಯಕ ಲೈಬ್ರರಿಯ ಬಫರನ್ನೇ ಬಳಸಿದೆ, ಅದು ಕೈಕೊಟ್ಟಿತು. ಆ ಬಫರ್ ಬೆಳೆದಾಗ ಲುವಾ ಸ್ಟ್ಯಾಕಿನ ಮೇಲೆ ತನ್ನದೊಂದು ಸ್ಥಾನವನ್ನು ಹಿಡಿದುಕೊಳ್ಳುತ್ತದೆ. ನಡುವೆ ಬೇರೆ ಕರೆಗಳು ಸ್ಟ್ಯಾಕನ್ನು ಏರಿಳಿಸಿದರೆ ಸ್ಥಾನ ತಪ್ಪುತ್ತದೆ. ಅದಲ್ಲದೆ ಒಂದು ತುಣುಕಿನ ಓದು ಮುಗಿದು ಸಿ ಫಂಕ್ಷನ್ ಹಿಂದಿರುಗಿದರೆ ಆ ಸ್ಟ್ಯಾಕೇ ಇರುವುದಿಲ್ಲ, ನಮಗೆ ಬೇಕಾದದ್ದೋ ತುಣುಕಿನಿಂದ ತುಣುಕಿಗೆ ಉಳಿಯುವ ಬಫರ್. ಕೊನೆಗೆ ಸಾದಾ ಸಿ ಮೆಮೊರಿಯಲ್ಲಿ, ಬೇಕಾದಾಗ ಇಮ್ಮಡಿಯಾಗುವ ಬಫರೊಂದನ್ನು ಬರೆದೆ. ಎಕ್ಸ್‌ಪ್ಯಾಟ್ ಕೊಡುವ ಪಠ್ಯದ ಕೊನೆಯಲ್ಲಿ ಶೂನ್ಯ ಬೈಟು ಇರುವುದಿಲ್ಲ, ಉದ್ದವನ್ನು ಬೇರೆಯಾಗಿ ಕೊಡುತ್ತದೆ, ಅಷ್ಟನ್ನೇ ನಕಲಿಸಬೇಕು. ಟ್ಯಾಗ್ ತೆರೆದಾಗ ಅಥವಾ ಮುಚ್ಚಿದಾಗ ಮಾತ್ರ ಕೂಡಿಟ್ಟದ್ದನ್ನು ಹ್ಯಾಂಡ್ಲರಿಗೆ ಒಪ್ಪಿಸುತ್ತೇನೆ. ನಡುವೆ ಬರುವ ಟಿಪ್ಪಣಿಗಳು ಪಠ್ಯವನ್ನು ತುಂಡರಿಸುವುದಿಲ್ಲ.

ಈ ಹಂತದ ಪರೀಕ್ಷೆ ಸರಳವಾಗಿದೆ, ಯಾವ ಜೋಡಣೆಗೂ ಇದು ಒದಗುತ್ತದೆ: ಒಂದೇ ಕಡತವನ್ನು ಒಮ್ಮೆ ಇಡಿಯಾಗಿ, ಇನ್ನೊಮ್ಮೆ ಒಂದೊಂದೇ ಬೈಟಾಗಿ ಓದಿಸಿ, ಎರಡು ಸಲವೂ ಬಂದ ಘಟನೆಗಳ ಪಟ್ಟಿ ಒಂದೇ ಆಗಿದೆಯೇ ಎಂದು ಹೋಲಿಸುವುದು. ಒಂದೊಂದೇ ಬೈಟು ಕೊಟ್ಟಾಗ ‘ಯಕ್ಷಗಾನ’ ಎಂಬ ಪದಕ್ಕೆ ಎಕ್ಸ್‌ಪ್ಯಾಟ್ 7 ಕರೆ ಮಾಡುತ್ತದೆ. ಹೋಲಿಕೆ ಮಾಡಬೇಕಾದದ್ದು ಕೊನೆಯ ಪಟ್ಟಿಯನ್ನು, ಯಾವ ಬೈಟಿಗೆ ಯಾವ ಘಟನೆ ಬಂತೆಂಬುದನ್ನಲ್ಲ. 2024ರ ಫೆಬ್ರುವರಿಯಲ್ಲಿ ಬಂದ ಎಕ್ಸ್‌ಪ್ಯಾಟ್ 2.6.0ರಿಂದ ಮುಂದೆ, ಪೂರ್ತಿಯಾಗದ ಟೋಕನನ್ನು (ಟ್ಯಾಗಿನಂಥ ಒಂದು ಘಟಕ) ಮತ್ತೆ ಮತ್ತೆ ಮೊದಲಿನಿಂದ ಓದುವುದನ್ನು ಲೈಬ್ರರಿ ಮುಂದೂಡುತ್ತದೆ. ಹಾಗಾಗಿ ಸಣ್ಣ ತುಣುಕುಗಳಲ್ಲಿ ಕೊಟ್ಟರೆ ಕೆಲವು ಕರೆಗಳು ತಡವಾಗಿ ಬರುತ್ತವೆ. ಡೆಬಿಯನ್ 12ರಲ್ಲಿ ಪಾಸಾದ ನನ್ನ ಒಂದು ಪರೀಕ್ಷೆ ಹೊಸ ಲ್ಯಾಪ್‌ಟಾಪಿನಲ್ಲಿ ಬಿದ್ದದ್ದು ಇದೇ ಕಾರಣಕ್ಕೆ. ಆ ಮುಂದೂಡಿಕೆಯನ್ನು ಆರಿಸುವ ಫಂಕ್ಷನ್ ಇದೆ, ಆದರೆ ಅದು ಸೇವಾಭಂಗದ ದಾಳಿಯ ವಿರುದ್ಧ ಇಟ್ಟ ರಕ್ಷಣೆ. ಪರೀಕ್ಷೆಯನ್ನು ತಿದ್ದುವುದೇ ಸರಿ.

ಜೋಡಣೆಯಿಂದ ಸರಿಪಡಿಸಲಾಗದ ಒಂದು ತುಂಡೂ ಸಿಕ್ಕಿತು. ಲೇಖನದ ಮೊದಲ ಅಕ್ಷರವನ್ನು ದೊಡ್ಡದಾಗಿ ತೋರಿಸಲು ಪುಟವಿನ್ಯಾಸ ಮಾಡಿದವರು ಮೊದಲ ಸಂಕೇತವನ್ನಷ್ಟೇ ಒಂದು ಟ್ಯಾಗಿನೊಳಗೆ ಹಾಕಿದ್ದರು. ‘ಪ್ರತಿವರ್ಷದಂತೆ’ ಎಂಬ ಪದದಲ್ಲಿ ಪಕಾರ ಮಾತ್ರ ಟ್ಯಾಗಿನೊಳಗೆ, ಹಲಂತ ಮತ್ತು ರಕಾರ ಹೊರಗೆ. ಅದನ್ನು ಲುವಾ ಬದಿಯಲ್ಲಿ, ಪಠ್ಯ ಹಲಂತದಿಂದಲೋ ಸ್ವರಚಿಹ್ನೆಯಿಂದಲೋ ಶುರುವಾದರೆ ಹಿಂದಿನದಕ್ಕೆ ಅಂಟಿಸು ಎಂಬ ನಿಯಮದಿಂದ ಸರಿಪಡಿಸಿದೆ. ದತ್ತಾಂಶದ ದೋಷವನ್ನು ಪಾರ್ಸರಿನ ಜೋಡಣೆಯೊಳಗೆ ಮುಚ್ಚಿಹಾಕಿದರೆ ಮುಂದೆ ಯಾರಿಗೂ ಅದರ ಪತ್ತೆ ಸಿಗುವುದಿಲ್ಲ.

ಹಂತ 6: ನುಡಿ ಕಡತಗಳ ಸಂಕೇತ

ಎಕ್ಸ್‌ಪ್ಯಾಟಿಗೆ ಹುಟ್ಟಿನಿಂದ ಗೊತ್ತಿರುವ ಸಂಕೇತ ಪದ್ಧತಿಗಳು (ಎನ್‌ಕೋಡಿಂಗ್) ಯುಟಿಎಫ್-8, ಯುಟಿಎಫ್-16, ಐಎಸ್ಒ 8859-1 ಮತ್ತು ಆಸ್ಕಿ ಮಾತ್ರ. ನಮ್ಮ ಹಳೆಯ ಕಡತಗಳ ಮೊದಲ ಸಾಲಿನಲ್ಲಿ ‘ವಿಂಡೋಸ್-1252’ ಎಂದಿತ್ತು, ‘ಗೊತ್ತಿಲ್ಲದ ಸಂಕೇತ’ ಎಂದು ಎಕ್ಸ್‌ಪ್ಯಾಟ್ ಮೊದಲ ಸಾಲಿನಲ್ಲೇ ನಿಂತಿತು.

ಪಾರ್ಸರ್ ಸೃಷ್ಟಿಸುವಾಗಲೇ ಒಂದು ಸಂಕೇತದ ಹೆಸರು ಕೊಟ್ಟರೆ ಅದು ಕಡತದ ಘೋಷಣೆಯನ್ನು ಬದಿಗೊತ್ತುತ್ತದೆ. ಹತ್ತಿರದ ಸಂಬಂಧಿಯೆಂದು ಐಎಸ್ಒ 8859-1 ಕೊಟ್ಟೆ. ದೋಷ ಬರಲಿಲ್ಲ. ಪರೀಕ್ಷೆಗೆ ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಂಡೆ. ನುಡಿಯಲ್ಲಿ ಅದು 80, 192, 163, 192, 223, 113, 192 ಎಂಬ 7 ಬೈಟು, ಯೂನಿಕೋಡ್‌ಗೆ ಬಂದಾಗ 5 ಸಂಕೇತಗಳ 15 ಬೈಟು. ಸರಿಯಾಗಿ ಬಂತು. ಆದರೆ ವಿಂಡೋಸ್-1252 ಮತ್ತು ಐಎಸ್ಒ 8859-1 ಬೇರೆಯಾಗುವುದು 128ರಿಂದ 159ರವರೆಗಿನ ಬೈಟುಗಳಲ್ಲಿ ಮಾತ್ರ, ಈ ಪದದಲ್ಲಿ ಅಂಥ ಬೈಟು ಒಂದೂ ಇಲ್ಲ. ಪುಟವಿನ್ಯಾಸದ ತಂತ್ರಾಂಶ ಹಾಕಿದ ಬಾಗಿದ ಉದ್ಧರಣ ಚಿಹ್ನೆಗಳು, ಉದ್ದ ಗೆರೆಗಳು ಇರುವುದೆಲ್ಲ ಆ ವ್ಯಾಪ್ತಿಯಲ್ಲೇ. ಅವು ಕಣ್ಣಿಗೆ ಕಾಣದ ನಿಯಂತ್ರಣ ಸಂಕೇತಗಳಾಗಿ, ಸಂದರ್ಶನದ ಲೇಖನಗಳಲ್ಲಿ ಯಾರ ಮಾತು ಎಲ್ಲಿ ಮುಗಿಯಿತೆಂಬುದೇ ತಿಳಿಯದಂತಾಯಿತು.

ಸರಿಯಾದ ದಾರಿ ‘ಅಪರಿಚಿತ ಸಂಕೇತ’ದ ಹ್ಯಾಂಡ್ಲರ್. ಎಕ್ಸ್‌ಪ್ಯಾಟ್ 256 ಸ್ಥಾನಗಳ ಒಂದು ಪಟ್ಟಿಯನ್ನು ಕೊಡುತ್ತದೆ, ಪ್ರತಿ ಬೈಟಿಗೆ ಯೂನಿಕೋಡ್ ಸಂಖ್ಯೆಯನ್ನು ನಾವು ತುಂಬಬೇಕು. ವಿಂಡೋಸ್-1252ರಲ್ಲಿ ಆ 32 ಸ್ಥಾನಗಳ ಪೈಕಿ 27ಕ್ಕೆ ಅರ್ಥವಿದೆ. 129, 141, 143, 144, 157 ಖಾಲಿ. ಖಾಲಿಯಿರುವವಕ್ಕೆ ಋಣ 1 ಬರೆದರೆ ಅಂಥ ಬೈಟು ಕಂಡ ಕಡೆ ಎಕ್ಸ್‌ಪ್ಯಾಟ್ ದೋಷ ಕೊಟ್ಟು ನಿಲ್ಲುತ್ತದೆ. ನನಗೆ ಬೇಕಾದದ್ದೂ ಅದೇ, ಸಾಲುಸಂಖ್ಯೆ ನೋಡಿ ಕೈಯಿಂದ ತಿದ್ದಬಹುದು. ಸಂಕೇತದ ಹೆಸರನ್ನು ದೊಡ್ಡಕ್ಷರ ಚಿಕ್ಕಕ್ಷರ ಲೆಕ್ಕಿಸದೆ ಹೋಲಿಸಬೇಕು, ಕಡತದಿಂದ ಕಡತಕ್ಕೆ ಅದು ಬೇರೆಯಿತ್ತು. ಈ ಹ್ಯಾಂಡ್ಲರಿಗೆ ಬರುವ ಪಾಯಿಂಟರ್ ಉಳಿದ ಹ್ಯಾಂಡ್ಲರ್‌ಗಳದ್ದಲ್ಲ, ಪ್ರತ್ಯೇಕವಾಗಿ ಕೊಟ್ಟದ್ದು. ಎರಡನ್ನೂ ಒಂದೆಂದು ತಿಳಿದರೆ ಶೂನ್ಯ ಪಾಯಿಂಟರ್ ಸಿಗುತ್ತದೆ.

ಒಂದೇ ಸಲದ ಕೆಲಸವಾದರೆ ಇಷ್ಟೆಲ್ಲ ಬೇಡ. ಸಂಕೇತ ಬದಲಿಸುವ ಐಕಾನ್ವ್ ಉಪಕರಣದಿಂದ ಕಡತವನ್ನು ಯುಟಿಎಫ್-8ಕ್ಕೆ ತಿರುಗಿಸಿ, ಪಾರ್ಸರಿಗೆ ಯುಟಿಎಫ್-8 ಎಂದು ಹೇಳಿದರೆ ಮುಗಿಯಿತು. ಸಂಘದ ಸಂಗ್ರಹದಲ್ಲಿ ಮೂಲ ಕಡತಗಳು ಇದ್ದ ಹಾಗೆಯೇ ಇರಬೇಕು, ಪ್ರತಿ ಸಲವೂ ಅವುಗಳಿಂದಲೇ ಪುಟಗಳು ಹುಟ್ಟಬೇಕು ಎಂಬ ಕಾರಣಕ್ಕೆ ನಾನು ಈ ದಾರಿ ಹಿಡಿದೆ.

ಹಂತ 7: ತುಂಡು ಕಡತಗಳು, ಎಂಟಿಟಿಗಳು

ಓದುವ ಪ್ರತಿ ಕರೆಯಲ್ಲೂ ‘ಇದು ಕೊನೆಯದೇ’ ಎಂಬ ಸೂಚನೆ ಇರುತ್ತದೆ. ಕೊನೆಯದೆಂದು ಹೇಳದಿದ್ದರೆ ಎಕ್ಸ್‌ಪ್ಯಾಟ್ ಇನ್ನೂ ಬರಲಿದೆ ಎಂದು ಕಾಯುತ್ತಿರುತ್ತದೆ, ದೂರುವುದಿಲ್ಲ. ಕೆಟ್ಟ ಸಿಡಿಯಿಂದ ಬಂದ ಅರ್ಧ ಕಡತಗಳು ಇದರಿಂದಾಗಿ ಸರಾಗವಾಗಿ ದಾಟಿಹೋಗಿದ್ದವು. ಶೂನ್ಯ ಉದ್ದದ ಕೊನೆಯ ಕರೆಯನ್ನು ಮಾಡುವ ‘ಮುಗಿಸು’ ಎಂಬ ಫಂಕ್ಷನನ್ನು ಸೇರಿಸಿದ ಮೇಲೆ ಒಂದೊಂದಾಗಿ ಸಿಕ್ಕವು. ಕನ್ನಡ ಸಂಕೇತದ ನಡುವೆಯೇ ತುಂಡಾದ ಕಡತಕ್ಕೆ ‘ಅರ್ಧ ಅಕ್ಷರ’ ಎಂಬ ದೋಷವೇ ಬರುತ್ತದೆ. ಎಕ್ಸ್‌ಪ್ಯಾಟ್ ಸಾಲನ್ನು 1ರಿಂದ, ಅಂಕಣವನ್ನು 0ಯಿಂದ ಎಣಿಸುವುದರಿಂದ ಅಂಕಣಕ್ಕೆ ಒಂದು ಕೂಡಿಸಿ ತೋರಿಸುತ್ತೇನೆ.

ಈಚಿನ ಕೆಲವು ಕಡತಗಳಲ್ಲಿ ಎಚ್‌ಟಿಎಂಎಲ್‌ನಿಂದ ನುಸುಳಿದ, ಮುರಿಯದ ಖಾಲಿ ಜಾಗದ ಎಂಟಿಟಿ ಇತ್ತು. ಎಕ್ಸ್‌ಎಂಎಲ್‌ನಲ್ಲಿ ಘೋಷಣೆಯಿಲ್ಲದೆ ಬಳಸಬಹುದಾದವು 5 ಮಾತ್ರ, ಉಳಿದವು ದೋಷ. ಎಕ್ಸ್‌ಪ್ಯಾಟಿಗೆ ಹೊರಗಿನಿಂದ ಒಂದು ಪುಟ್ಟ ಡಿಟಿಡಿ (ಎಂಟಿಟಿ ಮುಂತಾದವನ್ನು ಘೋಷಿಸುವ ಭಾಗ) ಕೊಡುವ ಸೌಲಭ್ಯವಿದೆ; ಆ ಎಂಟಿಟಿಯನ್ನು ಘೋಷಿಸುವ ಒಂದು ಸಾಲನ್ನು ಸಿ ಸ್ಟ್ರಿಂಗಾಗಿಯೇ ಇಟ್ಟು ಮರಿ ಪಾರ್ಸರಿನಿಂದ ಓದಿಸಿದೆ. ಅದೇ ಹ್ಯಾಂಡ್ಲರಿನಲ್ಲಿ, ಕಡತ ತಾನಾಗಿ ಯಾವುದೇ ಹೊರಗಿನ ವಿಳಾಸ ಕೇಳಿದರೆ ದೋಷ ಕೊಡುತ್ತೇನೆ. ಹೊರಗಿನಿಂದ ಬಂದ ಎಕ್ಸ್‌ಎಂಎಲ್ ನಮ್ಮ ಡಿಸ್ಕಿನ ಕಡತಗಳನ್ನು ಓದುವಂತಾಗಬಾರದು.

ಹಂತ 8: ಮುಚ್ಚುವುದು

ಹ್ಯಾಂಡ್ಲರಿನೊಳಗಿಂದಲೇ ಪಾರ್ಸರನ್ನು ಮುಚ್ಚಿದರೆ, ಎಕ್ಸ್‌ಪ್ಯಾಟ್ ಇನ್ನೂ ಬಳಸುತ್ತಿರುವ ಮೆಮೊರಿಯೇ ಬಿಡುಗಡೆಯಾಗಿ ಕಾರ್ಯಕ್ರಮ ಬೀಳುತ್ತದೆ. ಒಳಗಿಂದಲೇ ಮತ್ತೆ ಓದಿಸಿದರೂ ಅನಾಹುತ. ‘ಈಗ ಓದುತ್ತಿದೆ’ ಎಂಬ ಗುರುತು ಇದ್ದರೆ ಎರಡನ್ನೂ ಲುವಾ ದೋಷವಾಗಿ ತಿರಸ್ಕರಿಸುತ್ತೇನೆ. ಒಮ್ಮೆ ಮುಚ್ಚಿದ ಮೇಲೆ ಪಾಯಿಂಟರನ್ನು ಶೂನ್ಯ ಮಾಡುವುದರಿಂದ ಕಲೆಕ್ಟರ್ ಎರಡನೆಯ ಸಲ ಬಂದರೂ ತೊಂದರೆಯಿಲ್ಲ. ಪರೀಕ್ಷೆಗಾಗಿ ಪ್ರತಿ ಹ್ಯಾಂಡ್ಲರಿನಲ್ಲೂ ಕಲೆಕ್ಟರನ್ನು ಪೂರ್ತಿ ಓಡಿಸಿ, ಅದನ್ನು ವ್ಯಾಲ್‌ಗ್ರೈಂಡಿನ ಕೆಳಗೆ ನಡೆಸಿದೆ. ತೀರಾ ನಿಧಾನ, ಆದರೆ ಅಡಗಿದ್ದ ಸೋರಿಕೆಯೊಂದು ಹೊರಬಿತ್ತು: ದೋಷದಿಂದ ನಿಂತ ಪಾರ್ಸರಿನಲ್ಲಿ ಪಠ್ಯದ ಬಫರ್ ಬಿಡುಗಡೆಯಾಗುತ್ತಿರಲಿಲ್ಲ.

ಉಳಿದಿರುವ ಕೆಲಸ ಒಂದು. ಲುವಾದ ‘ಫಾರ್’ ಸುತ್ತಿನಲ್ಲಿ ಒಂದೊಂದೇ ಘಟನೆಯನ್ನು ಎಳೆದುಕೊಳ್ಳುವ ಶೈಲಿ ಬೇಕು, ಆದರೆ ಹ್ಯಾಂಡ್ಲರಿನಿಂದ ಕೊರೂಟೀನನ್ನು ‘ಯೀಲ್ಡ್’ ಮಾಡಲು ನಡುವಿನ ಸಿ ಕರೆಯಿಂದಾಗಿ ಲುವಾ ಬಿಡುವುದಿಲ್ಲ. ಎಕ್ಸ್‌ಪ್ಯಾಟನ್ನು ಮುಂದುವರಿಸಬಹುದಾದಂತೆ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು ಒಂದು ದಾರಿ. ನಿಲ್ಲಿಸಿದ ಮೇಲೂ ಬರುವ ಕರೆಗಳನ್ನು ಆಗ ತಳ್ಳಿಹಾಕುವಂತಿಲ್ಲ, ಸರದಿಯಲ್ಲಿ ಇಟ್ಟುಕೊಳ್ಳಬೇಕು. ಸದ್ಯ ಒಂದು ತುಣುಕಿನ ಘಟನೆಗಳನ್ನೆಲ್ಲ ಒಂದು ಟೇಬಲಿನಲ್ಲಿ ತುಂಬಿ, ಅದು ಖಾಲಿಯಾದ ಮೇಲೆ ಮುಂದಿನ ತುಣುಕನ್ನು ಓದಿಸುತ್ತಿದ್ದೇನೆ. ನಮ್ಮ ಸಂಚಿಕೆಗಳ ಗಾತ್ರಕ್ಕೆ ಅದು ಸಾಕಾಗಿದೆ.